ಅರವತ್ತು ದಾಟಿದ ಮೇಲೆ ವಾಕಿಂಗಾ, ಯೋಗಾನಾ, ಜಿಮ್ಮಾ, ಸ್ವಿಮ್ಮಿಂಗಾ?

"ಅಪ್ಪನ್ನ ಜಿಮ್‌ಗೆ ಸೇರಿಸಬಹುದಾ?" "ಮಂಡಿ ನೋವು ಶುರುವಾಗಿದೆ, ವಾಕಿಂಗ್ ಬಿಟ್ಟುಬಿಡಲಾ?" "ಅಮ್ಮ ದಿನಾ ಯೋಗ ಮಾಡ್ತಾರೆ, ಅಷ್ಟು ಸಾಕಲ್ವಾ?" ಹೀಗೆ ಕೇಳುವವರು ಜಾಸ್ತಿ. ಒಂದಷ್ಟು ಜನ ಅರವತ್ತು ದಾಟಿದವರೇ, ಉಳಿದವರು ಅವರ ಮಕ್ಕಳು, ಸೊಸೆಯಂದಿರು. ಎಲ್ಲರಿಗೂ ಒಂದೇ ಉತ್ತರ ಹೊಂದುವುದಿಲ್ಲ. ಆದರೂ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಮ್ಮೂರಿನ ಹಿರಿಯರಲ್ಲಿ ಹೆಚ್ಚಿನವರು ತಮಗೆ ಈಗಾಗಲೇ ಚೆನ್ನಾಗಿ ಬರುವುದನ್ನೇ ಇನ್ನಷ್ಟು ಮಾಡುತ್ತಾರೆ. ನಡೆಯುವವರು ಇನ್ನೊಂದು ರೌಂಡ್ ನಡೆಯುತ್ತಾರೆ, ಮೈ ಬಗ್ಗುವವರು ಇನ್ನೂ ಬಗ್ಗುತ್ತಾರೆ. ನಿಮ್ಮಲ್ಲಿ ಯಾವುದು ಕಮ್ಮಿಯಾಗಿದೆ ಅಂತ ಮೊದಲು ನೋಡಿಕೊಳ್ಳಿ, ಎಲ್ಲಿಗೆ ಸೇರುವುದು ಅನ್ನುವುದು ಆಮೇಲಿನ ಮಾತು.

ಏನು ನೋಡಿ ಆರಿಸಬೇಕು

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಸಲಹೆಯಲ್ಲಿ 65 ದಾಟಿದವರಿಗೆ ಮೂರು ಬೇರೆ ಬೇರೆ ಕೆಲಸ ಹೇಳಿದೆ. ವಾರಕ್ಕೆ 150ರಿಂದ 300 ನಿಮಿಷ, ಸ್ವಲ್ಪ ಏದುಸಿರು ಬರುವಂಥ ಚಟುವಟಿಕೆ. ವಾರಕ್ಕೆ ಕನಿಷ್ಠ ಎರಡು ದಿನ ಮಾಂಸಖಂಡಕ್ಕೆ ಬಲ ಬರುವ ವ್ಯಾಯಾಮ. ಮೂರು ದಿನವಾದರೂ ಆಯ ತಪ್ಪದ ಹಾಗೆ ನೋಡಿಕೊಳ್ಳುವ ವ್ಯಾಯಾಮ. ಮೊದಲನೆಯದು ಎಲ್ಲರಿಗೂ ಗೊತ್ತು. ಎರಡನೆಯದು ಹುಡುಗರ ಕೆಲಸ ಅಂದುಕೊಂಡು ಬಿಟ್ಟಿದ್ದೇವೆ. ಮೂರನೆಯದನ್ನು ಬಿದ್ದು ಏಟು ಮಾಡಿಕೊಂಡ ಮೇಲೆ ಫಿಸಿಯೋ ಹತ್ತಿರ ಕಲಿಯುತ್ತೇವೆ.

ಮದುವೆ ಮನೆಯಲ್ಲಿ ನೆಲದ ಮೇಲೆ ಕೂತು ಎಲೆ ಊಟ ಮಾಡಿದ ಹಿರಿಯರು ಏಳುವುದನ್ನು ಒಂದು ಸಲ ಗಮನಿಸಿ. ಒಂದು ಕೈ ನೆಲಕ್ಕೆ, ಇನ್ನೊಂದು ಕೈ ಮಂಡಿಗೆ, ಮೈಯನ್ನು ಮುಂದಕ್ಕೆ ತೂಗಿ ಒಂದೇ ಜೋರಿನಲ್ಲಿ ಎದ್ದು, ಎದ್ದ ಮೇಲೂ ಪಕ್ಕದ ಗೋಡೆಗೋ ಮೊಮ್ಮಗನ ಹೆಗಲಿಗೋ ಕೈ ಕೊಟ್ಟು ನಿಂತು, ಆಮೇಲೆ ಕೈ ತೊಳೆಯಲು ಹೊರಡುತ್ತಾರೆ. "ಮಂಡಿ ನೋವು ಕಣಪ್ಪ" ಅನ್ನುತ್ತಾರೆ. ಎಷ್ಟೋ ಸಲ ಮಂಡಿಗಿಂತ ಜಾಸ್ತಿ ಸೋತಿರುವುದು ತೊಡೆ.

ನಿಮ್ಮ ಕಾಲು ಎಲ್ಲಿದೆ ಅಂತ ಮನೆಯಲ್ಲೇ ನೋಡಬಹುದು. ಕೈ ಇಲ್ಲದ ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ. ಎರಡೂ ಕೈ ಎದೆಯ ಮೇಲೆ ಕಟ್ಟಿಕೊಂಡು, 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತೀರಿ ಅಂತ ಯಾರಾದರೂ ಎಣಿಸಲಿ. 65ರಿಂದ 69ರ ಗಂಡಸರು 12ಕ್ಕಿಂತ ಕಮ್ಮಿ, ಹೆಂಗಸರು 11ಕ್ಕಿಂತ ಕಮ್ಮಿ ಮಾಡಿದರೆ ಬೀಳುವ ಅಪಾಯ ಇದೆ ಅಂತ ಲೆಕ್ಕ. 75ರಿಂದ 79ರವರಿಗೆ ಇದು 11 ಮತ್ತು 10. ಇನ್ನೊಂದು ಪರೀಕ್ಷೆ ಒಂಟಿ ಕಾಲಲ್ಲಿ 10 ಸೆಕೆಂಡ್ ನಿಲ್ಲುವುದು. ಅಡುಗೆ ಕಟ್ಟೆಯ ಪಕ್ಕದಲ್ಲೇ ನಿಂತು ಮಾಡಿ, ಹಿಡಿಯಲು ಏನಾದರೂ ಕೈಗೆ ಸಿಗುವಂತಿರಲಿ. ಮೊದಲನೆಯದರಲ್ಲಿ ಹಿಂದೆ ಬಿದ್ದರೆ ನಿಮಗೆ ಬೇಕಾದ್ದು ಬಲ, ಎರಡನೆಯದರಲ್ಲಾದರೆ ಬ್ಯಾಲೆನ್ಸ್. ಎರಡೂ ಸರಾಗ, ಆದರೆ ಎರಡು ಮಹಡಿ ಹತ್ತಿದರೆ ಮಾತಾಡಲು ಆಗುತ್ತಿಲ್ಲ ಅಂದರೆ ಮೊದಲು ಡಾಕ್ಟರ ಹತ್ತಿರ ಒಂದು ಮಾತು ಕೇಳಿ. ಅವರು ಸರಿ ಅಂದ ಮೇಲೆ ದಮ್ಮು ಹೆಚ್ಚಿಸುವ ಕೆಲಸ ಶುರು ಮಾಡಿ.

ಉಳಿದಂತೆ ನೋಡಬೇಕಾದ್ದು: ನಿಮಗಿರುವ ಕಾಯಿಲೆಗೆ ಅದು ಒಗ್ಗುತ್ತಾ, ಎಷ್ಟು ದುಡ್ಡು, ಜೊತೆಗೆ ಯಾರಿದ್ದಾರೆ, ಮನೆಯಿಂದ ಎಷ್ಟು ದೂರ. ದೂರವನ್ನು ಹಗುರವಾಗಿ ತಗೋಬೇಡಿ. ಎಷ್ಟೇ ಒಳ್ಳೆಯ ಕ್ಲಾಸ್ ಇರಲಿ, ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟಿ ಹೋಗಬೇಕು ಅಂದರೆ ಹೆಚ್ಚು ದಿನ ನಡೆಯುವುದಿಲ್ಲ. ಬೆಂಗಳೂರಿನ ಮಳೆ ಹೆಚ್ಚಾಗಿ ಸಂಜೆಯೇ ಸುರಿಯುವುದರಿಂದ ಸಂಜೆ ಬ್ಯಾಚಿಗೆ ಸೇರಿದವರು ಆಗಸ್ಟ್, ಸೆಪ್ಟೆಂಬರ್‌ನಲ್ಲಿ ತಪ್ಪಿಸಿಕೊಳ್ಳುವುದೂ ಜಾಸ್ತಿ. ಸಾಧ್ಯವಾದರೆ ಬೆಳಗಿನದೇ ಹಿಡಿಯಿರಿ.

ವಾಕಿಂಗ್

ಖರ್ಚು ಒಂದು ಜೊತೆ ಒಳ್ಳೆ ಶೂ. ಕಲಿಯುವುದೇನೂ ಇಲ್ಲ. ಲಾಲ್‌ಬಾಗ್, ಕಬ್ಬನ್ ಪಾರ್ಕ್, ಬಸವನಗುಡಿಯ ಕೃಷ್ಣರಾವ್ ಪಾರ್ಕ್, ಮತ್ತಿಕೆರೆಯ ಜೆ.ಪಿ. ಪಾರ್ಕ್, ಸ್ಯಾಂಕಿ ಕೆರೆ ಇವುಗಳ ಹತ್ತಿರ ಮನೆ ಇದ್ದವರು ಪುಣ್ಯವಂತರು. 240 ಎಕರೆಯ ಲಾಲ್‌ಬಾಗ್‌ನಲ್ಲಿ ಏರು ಇಳಿಜಾರು ಎರಡೂ ಸಿಗುತ್ತದೆ, ಸಮತಟ್ಟಾದ ಟ್ರ್ಯಾಕ್‌ನಲ್ಲಿ ಸಿಗದ ಕೆಲಸ ಆ ಏರಿನಲ್ಲಿ ತೊಡೆಗೆ ಸಿಗುತ್ತದೆ. ಕೆಂಪೇಗೌಡ ಗೋಪುರದ ಬಂಡೆ ಮಾತ್ರ ಮಳೆ ಬಿದ್ದ ಮರುದಿನ ಬೇಡ, ಜಾರುತ್ತದೆ. ಪಾರ್ಕ್ ದೂರ ಇದ್ದರೆ ಬಸ್ಸಿದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ಹಿರಿಯ ನಾಗರಿಕರಿಗೆ ಬಿಎಂಟಿಸಿಯಲ್ಲಿ ರಿಯಾಯಿತಿಯೂ ಇದೆ.

ರಸ್ತೆಯಲ್ಲೇ ನಡೆಯಬೇಕಾದವರ ಪಾಡು ಬೇರೆ. ಎದ್ದ ಚಪ್ಪಡಿ, ಫುಟ್‌ಪಾತ್ ಮೇಲೇ ಬರುವ ಬೈಕು, ನಾಯಿ ಕಾಟ. ಕತ್ತಲಿರುವಾಗ ಐದು ಗಂಟೆಗೇ ಹೊರಡುವ ಅಭ್ಯಾಸ ಇದ್ದರೆ ಬೆಳಕು ಹರಿಯುವ ತನಕ ಕಾಯಿರಿ. ಮುಂಜಾನೆಯ ಗಾಳಿಗಿಂತ ಸೊಂಟದ ಮೂಳೆ ಮುಖ್ಯ ಅಲ್ವಾ?

ಹತ್ತು ಸಾವಿರ ಹೆಜ್ಜೆಯ ಹುಚ್ಚು ಬಿಡಿ. ಆ ಸಂಖ್ಯೆ ಬಂದಿದ್ದು 1965ರಲ್ಲಿ ಜಪಾನಿನಲ್ಲಿ ಹೆಜ್ಜೆ ಎಣಿಸುವ ಯಂತ್ರ ಮಾರಲು ಇಟ್ಟ ಹೆಸರಿನಿಂದ. ಅಮೆರಿಕದಲ್ಲಿ ಸರಾಸರಿ 72 ವಯಸ್ಸಿನ ಹೆಂಗಸರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ದಿನಕ್ಕೆ 4,400 ಹೆಜ್ಜೆ ನಡೆದವರಲ್ಲೇ ಸಾವಿನ ಅಪಾಯ ತೀರಾ ಕಮ್ಮಿ ನಡೆದವರಿಗಿಂತ ಇಳಿದಿತ್ತು, 7,500ರ ಆಚೆಗೆ ಹೆಚ್ಚಿನ ಲಾಭ ಕಾಣಲಿಲ್ಲ. ಹೆಜ್ಜೆಗಿಂತ ವೇಗ ನೋಡಿ. ನಡೆಯುತ್ತಾ ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅದು ಸರಿಯಾದ ವೇಗ. ರಾಜಕೀಯ, ಸೈಟಿನ ರೇಟು, ಮಗನ ಗ್ರೀನ್ ಕಾರ್ಡು ಎಲ್ಲ ಆರಾಮಾಗಿ ಚರ್ಚೆ ಮಾಡಿಕೊಂಡು ಮೂರು ರೌಂಡ್ ಮುಗಿಸುವವರದ್ದು ವ್ಯಾಯಾಮ ಅಂತ ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ಆ ಗುಂಪನ್ನು, ಆಮೇಲಿನ ದರ್ಶಿನಿ ಕಾಫಿಯನ್ನು ಬಿಡಿಸಬೇಡಿ. ಅವರು ದಿನಾ ಹಾಸಿಗೆ ಬಿಟ್ಟು ಏಳುವುದೇ ಅದಕ್ಕೆ.

ವೇಗ ಹೆಚ್ಚಿಸಲು ಒಂದು ಸುಲಭ ದಾರಿ ಜಪಾನಿನ ಶಿನ್ಶು ವಿಶ್ವವಿದ್ಯಾಲಯದವರು ತೋರಿಸಿದ್ದು. ಮೂರು ನಿಮಿಷ ಜೋರಾಗಿ, ಮೂರು ನಿಮಿಷ ನಿಧಾನ, ಹೀಗೆ ಐದು ಸಲ, ವಾರಕ್ಕೆ ನಾಲ್ಕು ದಿನ. ಒಂದೇ ಸಮನೆ ನಡೆದವರಿಗಿಂತ ಹೀಗೆ ನಡೆದವರ ತೊಡೆಯ ಬಲ, ಬಿಪಿ ಎರಡೂ ಚೆನ್ನಾಗಿ ಸುಧಾರಿಸಿದವು. ಬಿಪಿಗೆ, ಹೃದಯಕ್ಕೆ ಮೆಟೊಪ್ರೊಲಾಲ್, ಅಟೆನೊಲಾಲ್ ಥರದ ಮಾತ್ರೆ ತಗೊಳ್ಳುವವರು ಕೈಗಡಿಯಾರ ತೋರಿಸುವ ಹೃದಯ ಬಡಿತ ನಂಬಬೇಡಿ. ಆ ಮಾತ್ರೆ ಬಡಿತವನ್ನು ಇಳಿಸಿಯೇ ಇಟ್ಟಿರುತ್ತದೆ. ಮಾತಿನ ಪರೀಕ್ಷೆಯೇ ಸಾಕು.

ಇಷ್ಟೆಲ್ಲ ಹೇಳಿದರೂ, ಬರೀ ವಾಕಿಂಗ್ ಅಂದರೆ ಬರೀ ಅನ್ನ ಉಂಡ ಹಾಗೆ. ಹೊಟ್ಟೆ ತುಂಬುತ್ತದೆ, ಬೇಕಾದ್ದೆಲ್ಲ ಸಿಗುವುದಿಲ್ಲ. ತೋಳು, ಬೆನ್ನು, ಹಿಡಿತಕ್ಕೆ ಅದರಲ್ಲಿ ಕೆಲಸವೇ ಇಲ್ಲ. ಮೂವತ್ತು ವರ್ಷದಿಂದ ನಡೆಯುತ್ತಿರುವವರೂ ಕುರ್ಚಿ ಪರೀಕ್ಷೆಯಲ್ಲಿ ಸೋಲಬಹುದು.

ಯೋಗ

ನಮ್ಮಲ್ಲಿ ಇದಕ್ಕಿರುವ ದೊಡ್ಡ ಅನುಕೂಲ ಅಂದರೆ ಹತ್ತಿರದಲ್ಲೇ ಸಿಗುತ್ತದೆ, ಎಷ್ಟೋ ಕಡೆ ದುಡ್ಡೂ ಇಲ್ಲ. ಪತಂಜಲಿ ಯೋಗ ಶಿಕ್ಷಣ ಸಮಿತಿಯವರು ಉಚಿತವಾಗಿ ಕಲಿಸುತ್ತಾರೆ. ಬಹಳಷ್ಟು ಬಡಾವಣೆಗಳಲ್ಲಿ ಪಾರ್ಕ್‌ನಲ್ಲೋ ದೇವಸ್ಥಾನದ ಹಾಲ್‌ನಲ್ಲೋ ಬೆಳಗಿನ ತರಗತಿ ಇರುತ್ತದೆ. ಹೆಂಗಸರಿಗೆ ಹೋಗಿಬರಲು ಸಂಕೋಚವೂ ಇಲ್ಲ. ಕೀಲು ಸಡಿಲವಾಗುತ್ತದೆ, ನಿದ್ದೆ ಬರುತ್ತದೆ. ವೃಕ್ಷಾಸನ, ವೀರಭದ್ರಾಸನದಂಥವು ಬ್ಯಾಲೆನ್ಸಿಗೆ ಒಳ್ಳೆಯವು. ಇನ್ನೊಂದು ಲಾಭ ಯಾರೂ ಹೇಳುವುದಿಲ್ಲ: ಕ್ಲಾಸಿನಲ್ಲಿ ದಿನಾ ನೆಲಕ್ಕೆ ಕೂತು ಮಲಗಿ ಏಳುತ್ತೀರಲ್ಲ, ಅದೇ ಒಂದು ವ್ಯಾಯಾಮ. ಸೋಫಾ, ಡೈನಿಂಗ್ ಟೇಬಲ್, ವೆಸ್ಟರ್ನ್ ಕಮೋಡ್ ಬಂದ ಮೇಲೆ ನಮ್ಮ ಮನೆಗಳಲ್ಲಿ ನೆಲಕ್ಕೆ ಕೂರುವುದೇ ನಿಂತುಹೋಗಿದೆ.

ಎಲ್ಲ ಯೋಗವೂ ಒಂದೇ ಅಲ್ಲ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಅವರ ಪದ್ಧತಿಯಲ್ಲಿ ಕುರ್ಚಿ, ಬೆಲ್ಟು, ಮರದ ಇಟ್ಟಿಗೆ, ಗೋಡೆ ಎಲ್ಲವನ್ನೂ ಆಸರೆಗೆ ಬಳಸುತ್ತಾರೆ. ಮೈ ಬಗ್ಗದವರಿಗೆ, ಹೊಸದಾಗಿ ಶುರು ಮಾಡುವ ಹಿರಿಯರಿಗೆ ನಾನು ಇದನ್ನೇ ಹೇಳುವುದು. ಫೀಸು ಜಾಸ್ತಿ, ಆದರೆ ಗಮನ ಕೊಟ್ಟು ನೋಡುತ್ತಾರೆ. ಮೈಸೂರಿನಿಂದ ಜಗತ್ತಿಗೆ ಹೋದ ಅಷ್ಟಾಂಗ ವಿನ್ಯಾಸ ಬೆವರಿಳಿಸುವಂಥದ್ದು, 65ರಲ್ಲಿ ಮೊದಲ ಸಲಕ್ಕೆ ಅದು ಬೇಡ. ಉಚಿತ ತರಗತಿಯ ತೊಂದರೆ ಅಂದರೆ ಜನ ಜಾಸ್ತಿ, ಮೇಷ್ಟ್ರು ಒಬ್ಬರು. ಮುಂದಿನ ಸಾಲಿನವರು ಬಗ್ಗಿದ್ದು ನೋಡಿ ಹಿಂದಿನ ಸಾಲಿನವರೂ ಹಟಕ್ಕೆ ಬಗ್ಗುತ್ತಾರೆ.

ಇವಿಷ್ಟನ್ನು ಮೇಷ್ಟ್ರಿಗೆ ಮೊದಲ ದಿನವೇ ಹೇಳಿ. ಗ್ಲಾಕೋಮಾ ಇದ್ದರೆ ತಲೆ ಕೆಳಗಾಗುವ ಆಸನ ಯಾವುದೂ ಬೇಡ, ಅಧೋಮುಖ ಶ್ವಾನಾಸನವೂ ಬೇಡ, ಕಣ್ಣಿನ ಒತ್ತಡ ಏರುತ್ತದೆ. ಮೂಳೆ ಸವೆದಿದೆ ಅಂತ ಡೆಕ್ಸಾ ಸ್ಕ್ಯಾನ್‌ನಲ್ಲಿ ಬಂದಿದ್ದರೆ ಪಶ್ಚಿಮೋತ್ತಾನಾಸನದ ಥರ ಬೆನ್ನು ಗೂನು ಮಾಡಿ ಪೂರ್ತಿ ಮುಂದಕ್ಕೆ ಬಗ್ಗುವುದರಿಂದ ಬೆನ್ನುಮೂಳೆ ಬಿರುಕು ಬಿಡಬಹುದು. ಬಿಪಿ ಹಿಡಿತದಲ್ಲಿಲ್ಲದವರು ಉಸಿರು ಬಿಗಿ ಹಿಡಿಯುವುದನ್ನು, ಜೋರಾದ ಕಪಾಲಭಾತಿಯನ್ನು ಬಿಡಿ. ಮಂಡಿ ಸವೆದವರು ವಜ್ರಾಸನದಲ್ಲಿ ಹಟ ಮಾಡಬೇಡಿ. ಇದನ್ನೆಲ್ಲ ಕೇಳಿ "ಏನೂ ಆಗಲ್ಲ, ಮಾಡಿ" ಅನ್ನುವ ಮೇಷ್ಟ್ರಾದರೆ ಬೇರೆ ಕ್ಲಾಸ್ ಹುಡುಕಿ.

ಯೋಗದಲ್ಲಿ ಕಮ್ಮಿ ಬೀಳುವುದು ಎರಡು. ನಿಧಾನದ ಕ್ಲಾಸಿನಲ್ಲಿ ಹೃದಯಕ್ಕೆ ಹೆಚ್ಚು ಕೆಲಸ ಇಲ್ಲ. ಭಾರವನ್ನು ತಿಂಗಳಿಂದ ತಿಂಗಳಿಗೆ ಏರಿಸಲು ಆಗುವುದಿಲ್ಲ, ಏಕೆಂದರೆ ಎತ್ತುತ್ತಿರುವುದು ನಿಮ್ಮ ಮೈಭಾರವನ್ನೇ. ಎಳೆಯುವ ಕೆಲಸ, ಅಂದರೆ ಬಾವಿಯಿಂದ ನೀರು ಸೇದುವಂಥದ್ದು, ಇದರಲ್ಲಿ ಇಲ್ಲವೇ ಇಲ್ಲ ಅನ್ನಬಹುದು.

ಜಿಮ್

ಇಲ್ಲಿ ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ಹಿರಿಯರು ಅತಿ ಹೆಚ್ಚು ಹೆದರುವುದು ಇದಕ್ಕೆ. ತೊಡೆ ಸೋತವರಿಗೆ ಅತಿ ಬೇಗ ಫಲ ಕೊಡುವುದೂ ಇದೇ. 1990ರಲ್ಲಿ ಅಮೆರಿಕದಲ್ಲಿ ಒಂದು ಸಣ್ಣ ಪ್ರಯೋಗ ಪ್ರಕಟವಾಯಿತು. ವೃದ್ಧಾಶ್ರಮದಲ್ಲಿದ್ದ, ಸರಾಸರಿ 90 ವಯಸ್ಸಿನ ಹತ್ತು ಜನರಿಂದ ಕಾಲಿಗೆ ಭಾರದ ವ್ಯಾಯಾಮ ಮಾಡಿಸಿದರು. ಪೂರ್ತಿ ಮಾಡಿದವರು ಒಂಬತ್ತು ಜನ. ಎಂಟು ವಾರದಲ್ಲಿ ತೊಡೆಯ ಬಲ ಸರಾಸರಿ ಶೇ. 174ರಷ್ಟು ಏರಿತು, ಇಬ್ಬರು ಕೈಕೋಲು ಬಿಟ್ಟು ನಡೆದರು. ತೊಂಬತ್ತರಲ್ಲೇ ಇಷ್ಟಾದರೆ ಅರವತ್ತೈದು ಯಾವ ಲೆಕ್ಕ.

ಜಿಮ್ ಅಂದರೆ ಕಿವಿ ಕಿತ್ತುಹೋಗುವ ಹಾಡು, ಕನ್ನಡಿ ಮುಂದೆ ತೋಳು ನೋಡಿಕೊಳ್ಳುವ ಹುಡುಗರು ಅನ್ನುವುದು ಬೆಳಿಗ್ಗೆ ಆರರಿಂದ ಎಂಟು, ಸಂಜೆ ಏಳರ ಮೇಲೆ ನಿಜ. ಹನ್ನೊಂದು ಗಂಟೆಗೆ ಹೋಗಿ ನೋಡಿ. ನಮ್ಮ ಬಡಾವಣೆಯ ಜಿಮ್‌ನಲ್ಲಿ ಆ ಹೊತ್ತಿಗೆ ಎಪ್ಪತ್ತರ ಆಸುಪಾಸಿನ ಅಜ್ಜಿಯೊಬ್ಬರು ಬರುತ್ತಾರೆ. ಚೂಡಿದಾರ್, ಬಿಳಿ ಶೂ, ವೇಲನ್ನು ಸೊಂಟಕ್ಕೆ ಬಿಗಿದು, ಮಾಂಗಲ್ಯದ ಸರ ಯಂತ್ರಕ್ಕೆ ಸಿಕ್ಕದ ಹಾಗೆ ಕುರ್ತಾ ಒಳಗೆ ಸೇರಿಸಿಕೊಂಡು ಕಾಲಲ್ಲಿ ಭಾರ ತಳ್ಳುವ ಲೆಗ್ ಪ್ರೆಸ್ ಮೇಲೆ ಕೂರುತ್ತಾರೆ. ತಳ್ಳುವಾಗ ಉಸಿರು ಬಿಡುವುದು ಮರೆಯಬಾರದು ಅಂತ ಪ್ರತಿ ಸಲವೂ ಗಟ್ಟಿಯಾಗಿ ಎಣಿಸುತ್ತಾರೆ, ಒಂದು, ಎರಡು, ಮೂರು. ಟ್ರೈನರ್ ಹುಡುಗ ಪಕ್ಕದಲ್ಲಿ ಫೋನ್ ನೋಡುತ್ತಿದ್ದರೆ "ಲೋ, ಇಲ್ನೋಡೋ" ಅಂತ ಗದರುತ್ತಾರೆ. ಎಣಿಸುತ್ತಾ ಮಾಡುವುದು ತುಂಬಾ ಒಳ್ಳೆಯ ಉಪಾಯ. ಉಸಿರು ಬಿಗಿ ಹಿಡಿದು ಭಾರ ಎತ್ತಿದರೆ ಬಿಪಿ ಒಮ್ಮೆಲೇ ಏರುತ್ತದೆ. ಬಾಯಲ್ಲಿ ಎಣಿಕೆ ಇದ್ದರೆ ಉಸಿರು ಹಿಡಿಯಲು ಆಗುವುದೇ ಇಲ್ಲ.

ವಾರಕ್ಕೆ ಎರಡು ದಿನ, ಮುಕ್ಕಾಲು ಗಂಟೆ ಸಾಕು. ಕಾಲಲ್ಲಿ ತಳ್ಳುವುದು, ಕೈಯಲ್ಲಿ ತಳ್ಳುವುದು, ಕೈಯಲ್ಲಿ ಎಳೆಯುವುದು, ಮೆಟ್ಟಿಲು ಹತ್ತುವುದು, ಹಿಮ್ಮಡಿ ಎತ್ತುವುದು, ಎರಡು ಕೈಯಲ್ಲೂ ಭಾರ ಹಿಡಿದು ನಡೆಯುವುದು. ಹತ್ತು ಹನ್ನೆರಡು ಸಲ ಮಾಡುವಷ್ಟರಲ್ಲಿ ಕೊನೆಯ ಎರಡು ಕಷ್ಟ ಅನ್ನಿಸಬೇಕು. ಮೊದಲ ಎರಡು ವಾರ ಬೇಕಂತಲೇ ಹಗುರ ಇಟ್ಟುಕೊಳ್ಳಿ. ಮರುದಿನ ತೊಡೆ ಹಿಡಿದುಕೊಳ್ಳುವುದು ಸಹಜ, ಕೀಲಿನೊಳಗೆ ಚುಚ್ಚುವ ನೋವು ಸಹಜ ಅಲ್ಲ. ಟ್ರೆಡ್‌ಮಿಲ್‌ಗೆ ಅಂತ ಜಿಮ್ ದುಡ್ಡು ಕೊಡಬೇಡಿ, ನಡೆಯಲು ಪಾರ್ಕ್ ಇದೆ.

ದುಡ್ಡಿನ ವಿಷಯ. ಬಡಾವಣೆಯ ಸಣ್ಣ ಜಿಮ್‌ಗಳಲ್ಲಿ ತಿಂಗಳಿಗೆ ಸಾವಿರದಿಂದ ಎರಡು ಸಾವಿರದ ಆಸುಪಾಸು, ಹೆಸರಾಂತ ಕಡೆ ಜಾಸ್ತಿ, ಸ್ವಂತ ಟ್ರೈನರ್ ಬೇಕೆಂದರೆ ಅದರ ಮೇಲೆ ಇನ್ನೂ ಹಲವು ಸಾವಿರ. ಮೊದಲ ಎರಡು ಮೂರು ತಿಂಗಳು ಟ್ರೈನರ್‌ಗೆ ಕೊಟ್ಟು ಸರಿಯಾಗಿ ಕಲಿತು, ಆಮೇಲೆ ಬಿಡುವುದು ಲೆಕ್ಕಕ್ಕೆ ಸರಿ. ಟ್ರೈನರ್‌ನ ದೇಹ ನೋಡಿ ಆರಿಸಬೇಡಿ. ಅವನು ಮೊದಲ ದಿನ ಏನು ಕೇಳುತ್ತಾನೆ ನೋಡಿ. ಯಾವ ಮಾತ್ರೆ ತಗೊಳ್ತೀರಿ, ಆಪರೇಷನ್ ಆಗಿದೆಯಾ, ಇತ್ತೀಚೆಗೆ ಬಿದ್ದಿದ್ದೀರಾ ಅಂತ ಕೇಳದೆ ನೇರವಾಗಿ ಜಿಗಿಸಲು ಶುರು ಮಾಡಿದರೆ ಅಲ್ಲಿಂದ ಹೊರಡಿ. ಪ್ರೋಟೀನ್ ಪುಡಿ ಡಬ್ಬಿ ಮಾರಲು ಬಂದರೆ ನಕ್ಕು ಬೇಡ ಅನ್ನಿ. ಹಿರಿಯರಿಗೆ ಮೈತೂಕದ ಪ್ರತಿ ಕೆಜಿಗೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು ಅನ್ನುತ್ತಾರೆ ತಜ್ಞರು. 60 ಕೆಜಿ ಇದ್ದರೆ 60ರಿಂದ 72 ಗ್ರಾಂ. ಬೆಳಿಗ್ಗೆ ಎರಡು ಇಡ್ಲಿ, ಮಧ್ಯಾಹ್ನ ಅನ್ನ ತಿಳಿಸಾರು, ರಾತ್ರಿ ಮತ್ತೆ ಅದೇ ಆದರೆ ಇದರ ಹತ್ತಿರಕ್ಕೂ ಬರುವುದಿಲ್ಲ. ಹುರಳಿ, ಕಡಲೆಕಾಳು, ಸೋಯಾ, ಮೊಸರು, ತಿನ್ನುವವರಾದರೆ ಮೊಟ್ಟೆ, ಮೀನು, ಇವನ್ನು ಮೂರೂ ಹೊತ್ತಿಗೆ ಹಂಚಿ. ಕಿಡ್ನಿ ತೊಂದರೆ ಇದ್ದವರು ಮಾತ್ರ ಡಾಕ್ಟರನ್ನು ಕೇಳದೆ ಏರಿಸಬೇಡಿ.

ಪಾರ್ಕಿನ ಓಪನ್ ಜಿಮ್ ಬಗ್ಗೆ ಒಂದೇ ಮಾತು. ದುಡ್ಡಿಲ್ಲ, ಮೈ ಸಡಿಲ ಮಾಡಲು ಸರಿ. ಆದರೆ ಭಾರ ಏರಿಸುವ ವ್ಯವಸ್ಥೆ ಹೆಚ್ಚಿನ ಯಂತ್ರಗಳಲ್ಲಿ ಇಲ್ಲ. ಎರಡೂ ಕಾಲು ತೂಗಾಡಿಸುವ ಯಂತ್ರದಿಂದ ಇಳಿಯುವಾಗ ಆಯ ತಪ್ಪುತ್ತದೆ, ಅದು ಪೂರ್ತಿ ನಿಂತ ಮೇಲೆ ಇಳಿಯಿರಿ.

ಈಜು

ಮಂಡಿ ಸವೆದವರಿಗೆ, ತೂಕ ಜಾಸ್ತಿ ಇರುವವರಿಗೆ ಇದರಷ್ಟು ಹಿತವಾದದ್ದು ಇನ್ನೊಂದಿಲ್ಲ. ಎದೆಮಟ್ಟದ ನೀರಿನಲ್ಲಿ ನಿಂತರೆ ಮೈಭಾರದ ಅರ್ಧಕ್ಕಿಂತ ಜಾಸ್ತಿ ನೀರೇ ಹೊರುತ್ತದೆ. ಈಜಲು ಬರಲೇಬೇಕಂತಿಲ್ಲ, ನೀರಿನಲ್ಲಿ ಸುಮ್ನೆ ಆ ಕಡೆ ಈ ಕಡೆ ನಡೆದರೂ ಕಾಲಿಗೆ ಒಳ್ಳೆಯ ಕೆಲಸ. ಹೃದಯಕ್ಕೂ ಹೆಗಲಿಗೂ ಕೆಲಸ ಸಿಗುತ್ತದೆ.

ಆದರೆ ನೀರು ಭಾರ ಹೊರುವುದರಿಂದಲೇ ಮೂಳೆಗೆ ಹೆಚ್ಚು ಲಾಭ ಇಲ್ಲ. ಮೂಳೆ ಗಟ್ಟಿಯಾಗಲು ನೆಲದ ಮೇಲೆ ಭಾರ ಬೀಳಬೇಕು. ಬೆಂಗಳೂರಿನ ಕಷ್ಟ ಅಂದರೆ ಕೊಳ ಹತ್ತಿರ ಸಿಗುವುದಿಲ್ಲ. ಬಸವನಗುಡಿ, ಸದಾಶಿವನಗರದಂಥ ಕಡೆ ಇದ್ದವರಿಗೆ ಅನುಕೂಲ, ಉಳಿದವರು ಅಪಾರ್ಟ್‌ಮೆಂಟಿನ ಕೊಳ ನೋಡಬೇಕು, ಅಲ್ಲಿ ಮಕ್ಕಳ ಗಲಾಟೆ. ಡಿಸೆಂಬರ್, ಜನವರಿಯ ಬೆಳಿಗ್ಗೆ ಬಿಸಿ ಮಾಡದ ನೀರಿಗೆ ಇಳಿಯುವವರು ಕಮ್ಮಿ. ಹೆಂಗಸರ ಬ್ಯಾಚ್ ಇದೆಯಾ, ಇಳಿಯಲು ಏಣಿಯ ಬದಲು ಮೆಟ್ಟಿಲು ಇದೆಯಾ, ಕೊಳದ ಸುತ್ತಲಿನ ಟೈಲ್ಸ್ ಜಾರುತ್ತದಾ ಅಂತ ಮೊದಲು ಹೋಗಿ ನೋಡಿ. ಜನ ಬೀಳುವುದು ನೀರಿನಲ್ಲಲ್ಲ, ಆ ಟೈಲ್ಸ್ ಮೇಲೆ. ಕಣ್ಣಿನ ಪೊರೆ ಆಪರೇಷನ್ ಆಗಿದ್ದರೆ ಡಾಕ್ಟರ್ ಸರಿ ಅನ್ನುವ ತನಕ ನೀರಿಗಿಳಿಯುವಂತಿಲ್ಲ.

ಮನೆಯಲ್ಲೇ

ಹೊರಗೆ ಹೋಗಲಾಗದವರು ಬೇಕಾದಷ್ಟಿದ್ದಾರೆ. ಹಾಸಿಗೆ ಹಿಡಿದ ಯಜಮಾನರನ್ನು ನೋಡಿಕೊಳ್ಳುವವರು, ಮೊಮ್ಮಗುವನ್ನು ಬಿಟ್ಟು ಹೊರಡಲಾಗದವರು, ಒಮ್ಮೆ ಬಿದ್ದು ಹೆದರಿದವರು. ಇವರಿಗೆ ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದವರು ರೂಪಿಸಿದ ಮನೆ ವ್ಯಾಯಾಮದ ಕ್ರಮ ಇದೆ. ಫಿಸಿಯೋ ಬಂದು ಕಲಿಸಿ, ಆಗಾಗ ಬಂದು ನೋಡಿ, ಸ್ವಲ್ಪ ಸ್ವಲ್ಪ ಕಷ್ಟ ಏರಿಸುತ್ತಾ ಹೋಗುತ್ತಾರೆ. ಕಣಕಾಲಿಗೆ ಸಣ್ಣ ಭಾರ ಕಟ್ಟಿ ಎತ್ತುವುದು, ಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು, ಒಂದರ ಮುಂದೆ ಒಂದು ಪಾದ ಇಟ್ಟು ನಡೆಯುವುದು, ಕುರ್ಚಿಯಿಂದ ಏಳುವುದು, ಇಷ್ಟೇ. ಈ ಕ್ರಮ ಅನುಸರಿಸಿದ ಹಿರಿಯರಲ್ಲಿ ಬೀಳುವುದು ಸುಮಾರು ಮೂರನೇ ಒಂದು ಭಾಗದಷ್ಟು ಕಮ್ಮಿಯಾಯಿತು. ನಿಮ್ಮ ಫಿಸಿಯೋಗೆ ಒಟಾಗೊ ಅಂತ ಹೆಸರು ಹೇಳಿ ಕೇಳಿ. ನಾಲ್ಕೈದು ಭೇಟಿಗೆ ದುಡ್ಡು ಕೊಟ್ಟರೆ ಆಮೇಲೆ ಖರ್ಚಿಲ್ಲ. ಮಂಡಿ ಬದಲಾಯಿಸಿಕೊಂಡವರು, ಬಿದ್ದು ಮೂಳೆ ಮುರಿದುಕೊಂಡವರು ಬೇರೆ ಏನೂ ಯೋಚಿಸದೆ ಇಲ್ಲಿಂದಲೇ ಶುರು ಮಾಡಬೇಕು.

ದೋಷ ಒಂದೇ, ಬಹಳ ಬೇಗ ನಿಂತುಹೋಗುತ್ತದೆ. ಕುಕ್ಕರ್ ಕೂಗಿತು, ಕೊರಿಯರ್ ಬಂತು, ನಾಳೆ ನೋಡೋಣ. ಯೂಟ್ಯೂಬ್ ನೋಡಿ ಮಾಡುವವರಿಗೂ ಇದೇ ಗತಿ. ತಂಗಿಯೋ ವಾರಗಿತ್ತಿಯೋ ವಿಡಿಯೋ ಕಾಲ್‌ನಲ್ಲಿ ಅದೇ ಹೊತ್ತಿಗೆ ಮಾಡುತ್ತಿದ್ದರೆ ಸ್ವಲ್ಪ ಉಳಿಯುತ್ತದೆ.

ಇನ್ನುಳಿದವು ಚುಟುಕಾಗಿ. ನಗೆಕೂಟ, 1995ರಲ್ಲಿ ಮುಂಬೈನ ಡಾ. ಮದನ್ ಕಟಾರಿಯಾ ಶುರು ಮಾಡಿದ್ದು, ಒಂಟಿಯಾಗಿರುವವರಿಗೆ ಔಷಧಿ. ವ್ಯಾಯಾಮದ ಲೆಕ್ಕಕ್ಕೆ ಬರುವುದಿಲ್ಲ. ಶಟಲ್ ಆಡಿ ಅಭ್ಯಾಸ ಇದ್ದವರು ಡಬಲ್ಸ್ ಆಡಿಕೊಂಡಿರಿ. ನಲವತ್ತು ವರ್ಷ ಬಿಟ್ಟು ನಿವೃತ್ತಿಯಾದ ಮಾರನೇ ದಿನ ರಾಕೆಟ್ ಹಿಡಿಯಬೇಡಿ, ಹಿಮ್ಮಡಿಯ ಸ್ನಾಯುರಜ್ಜು (ಟೆಂಡನ್) ಹರಿಯಬಹುದು. ನಿಧಾನವಾಗಿ ಮೈ ಆಡಿಸುವ ಚೀನಾದ ತಾಯ್ ಚಿ ಬ್ಯಾಲೆನ್ಸಿಗೆ ಬಹಳ ಒಳ್ಳೆಯದು, ನಿಮ್ಮ ಹತ್ತಿರ ಕಲಿಸುವವರು ಇದ್ದರೆ ಬಿಡಬೇಡಿ.

ನಿಮಗೆ ಯಾವುದು

ಒಂದು ರೂಪಾಯಿಯೂ ಖರ್ಚು ಬೇಡ ಅನ್ನುವವರು: ನಾಲ್ಕು ದಿನ ಜೋರು ನಿಧಾನದ ವಾಕಿಂಗ್, ಎರಡು ಮೂರು ದಿನ ಪಾರ್ಕಿನ ಯೋಗ, ಜೊತೆಗೆ ಮನೆಯಲ್ಲಿ ವಾರಕ್ಕೆ ಎರಡು ದಿನ ಕುರ್ಚಿಯಿಂದ ಎದ್ದು ಕೂರುವುದು. ಸುಲಭ ಆದಾಗ ಎದೆಗೆ ಎರಡು ಕೆಜಿ ಅಕ್ಕಿ ಪ್ಯಾಕೆಟ್ ಅಪ್ಪಿಕೊಂಡು ಏಳಿ, ಆಮೇಲೆ ಐದು ಕೆಜಿ. ಇದನ್ನು ಬಿಡದೆ ಮಾಡಿದವರು ಬರೀ ಟ್ರೆಡ್‌ಮಿಲ್ ಮೇಲೆ ನಡೆದುಬರುವ ಜಿಮ್ ಸದಸ್ಯರಿಗಿಂತ ಮುಂದಿರುತ್ತಾರೆ.

ತಿಂಗಳಿಗೆ ಎರಡು ಸಾವಿರದ ತನಕ ಆಗುತ್ತದೆ ಅನ್ನುವವರು ಜಿಮ್ ಎರಡು ದಿನ, ವಾಕಿಂಗ್ ಉಳಿದ ದಿನ. ಈಗಾಗಲೇ ಯೋಗಕ್ಕೆ ಹೋಗುತ್ತಿದ್ದು ಕುರ್ಚಿ ಪರೀಕ್ಷೆಯಲ್ಲಿ ಸೋತವರು ಯೋಗ ಬಿಡಬೇಡಿ, ಅದರ ಎರಡು ದಿನವನ್ನು ಜಿಮ್‌ಗೆ ಕೊಡಿ. ಅದಕ್ಕಿಂತ ಜಾಸ್ತಿ ಖರ್ಚು ಮಾಡಬಲ್ಲವರು ದುಡ್ಡನ್ನು ದೊಡ್ಡ ಜಿಮ್‌ನ ಎಸಿಗೆ ಹಾಕುವ ಬದಲು ಒಳ್ಳೆಯ ಫಿಸಿಯೋಗೆ ಹಾಕಿ. ಮಂಡಿ ಸವೆತಕ್ಕೆ ಈಜು ಹಿತ. ಕೊಳ ಸಿಗದಿದ್ದರೆ ಸೈಕಲ್ ಯಂತ್ರ ಮತ್ತು ತೊಡೆಯ ಬಲ, ವಾಕಿಂಗ್ ಸಮತಟ್ಟಿನಲ್ಲಿ ಸ್ವಲ್ಪ ಸ್ವಲ್ಪ. ಪೂರ್ತಿ ಬಿಟ್ಟು ಕೂತರೆ ಮಂಡಿ ಇನ್ನೂ ಕೆಡುತ್ತದೆ. ಮೂಳೆ ಸವೆದವರಿಗೆ ಭಾರದ ವ್ಯಾಯಾಮವೇ ಬೇಕು, ನೋಡಿಕೊಳ್ಳುವವರ ಕೆಳಗೆ. ಸ್ಟೆಂಟ್, ಬೈಪಾಸ್ ಆದವರು ಡಾಕ್ಟರ್ ಒಪ್ಪಿದ ಮೇಲೆಯೇ ಯಾವುದಾದರೂ. ಎದೆ, ದವಡೆ, ತೋಳಿಗೆ ನೋವು ಬಂದರೆ, ತಲೆ ಸುತ್ತಿದರೆ ಅಲ್ಲೇ ನಿಲ್ಲಿಸಿ, ಒಬ್ಬರೇ ಮನೆಗೆ ನಡೆದುಕೊಂಡು ಬರಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.

ಶುಗರ್ ಇದ್ದವರಿಗೆ ಎರಡು ಮಾತು ಜಾಸ್ತಿ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಥರದ ಮಾತ್ರೆ ತಗೊಳ್ಳುವವರು ಜೇಬಿನಲ್ಲಿ ಗ್ಲೂಕೋಸ್ ಇಟ್ಟುಕೊಂಡೇ ಹೊರಡಿ, ವ್ಯಾಯಾಮದಲ್ಲಿ ಶುಗರ್ ಇಳಿಯಬಹುದು. ಪಾರ್ಕುಗಳಲ್ಲಿ ಬರಿಗಾಲಲ್ಲಿ ನಡೆಯಲು ದುಂಡುಕಲ್ಲಿನ ದಾರಿ ಮಾಡಿರುತ್ತಾರಲ್ಲ, ಪಾದ ಮರಗಟ್ಟಿದವರು ಅದರ ಮೇಲೆ ಹೋಗಲೇಬೇಡಿ. ಗಾಯ ಆಗಿದ್ದೂ ಗೊತ್ತಾಗುವುದಿಲ್ಲ.

ಎಲ್ಲಿಗೇ ಸೇರಿ, ವರ್ಷದ ದುಡ್ಡು ಒಟ್ಟಿಗೆ ಕಟ್ಟಬೇಡಿ. "ಇವತ್ತೇ ಸೇರಿದರೆ ಅರ್ಧ ರೇಟು" ಅನ್ನುವುದು ಎಲ್ಲ ಕಡೆಯೂ ಇದೆ, ಬರುವ ತಿಂಗಳೂ ಇರುತ್ತದೆ. ನಮ್ಮ ಕಡೆಯ ಒಂದು ಜಿಮ್ ಹೀಗೆ ದುಡ್ಡು ಕಟ್ಟಿಸಿಕೊಂಡು ಒಂದು ದಿನ ಬೋರ್ಡನ್ನೂ ಬಿಡದೆ ಖಾಲಿ ಮಾಡಿಕೊಂಡು ಹೋಯಿತು. ಒಂದು ಕ್ಲಾಸ್ ಸುಮ್ನೆ ನೋಡಲು ಬಿಡುತ್ತಾರಾ ಕೇಳಿ, ಆಮೇಲೆ ಒಂದು ತಿಂಗಳು, ಆಮೇಲೆ ಮೂರು. ಮಕ್ಕಳು ಹುಟ್ಟುಹಬ್ಬಕ್ಕೆ ಅಂತ ಅಪ್ಪ ಅಮ್ಮನಿಗೆ ಸದಸ್ಯತ್ವ ತಗೊಳ್ಳುವುದಾದರೂ ಅಷ್ಟೇ, ಮೊದಲು ಅವರನ್ನೇ ಕರೆದುಕೊಂಡು ಹೋಗಿ ತೋರಿಸಿ, ಮೆಟ್ಟಿಲು ಎಷ್ಟಿದೆ, ಬಾತ್‌ರೂಮ್ ಹೇಗಿದೆ, ಮನೆಯಿಂದ ಅವರ ನಡಿಗೆಯಲ್ಲಿ ಎಷ್ಟು ಹೊತ್ತಾಗುತ್ತದೆ ಅಂತ ಅವರೇ ನೋಡಿ ಹೇಳಲಿ.